ಸೀಟಿನಡಿಯ ತಾರೀಖು

ಮೂರನೆಯ ಸಲವೂ ಸ್ಪ್ಯಾನರ್ ನಟ್ಟಿನಿಂದ ಜಾರಿ, ಸೀಟಪ್ಪನ ಗೆಣ್ಣಿನ ಚರ್ಮ ಕಿತ್ತುಬಂತು. ಬೆರಳನ್ನು ಬಾಯಲ್ಲಿಟ್ಟು ಚೀಪಿದ. ಅಂಗಿಗೆ ಒರೆಸಿಕೊಳ್ಳಲು ಹೋದವನು ಹಾಗೇ ನಿಂತ. ಮೈಮೇಲಿದ್ದದ್ದು ಮಗಳು ಬೆಳಿಗ್ಗೆಯಷ್ಟೇ ಇಸ್ತ್ರಿ ಮಾಡಿಕೊಟ್ಟ ಅಂಗಿ. ನಲವತ್ತೈದು ವರ್ಷ ಸೈಕಲ್ಲಿನ ತೊಗಲು ಸೀಟುಗಳನ್ನೇ ಮಾಡಿ, ರಿಪೇರಿ ಮಾಡಿ, ಊರವರಿಂದ ಆ ಹೆಸರನ್ನೇ ಪಡೆದವನಿಗೆ ಇವತ್ತು ಒಂದು ನಟ್ಟನ್ನು ಕಾಲು ಸುತ್ತು ತಿರುಗಿಸಲಾಗುತ್ತಿರಲಿಲ್ಲ.

ಗೋಡೆಯ ಆಚೆ, ಊಟದ ಮೇಜನ್ನು ಬದಿಗೆ ಸರಿಸಿ ಮಾಡಿದ ಜಾಗದಲ್ಲಿ, ಹೆಂಡತಿಯನ್ನು ಮಲಗಿಸಿದ ಪೆಟ್ಟಿಗೆಯಿತ್ತು. ಗೋಡೆಯ ಈಚೆ, ಅಂಗಡಿಯಲ್ಲಿ, ಅವಳ ಸೈಕಲ್ಲು.

"ಅಪ್ಪಾ, ಇಲ್ಲೇನ್ ಮಾಡ್ತಿದೀರಾ? ವ್ಯಾನು ಬಂತು." ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಭಾನುವಾರ ಅಲ್ವಾ," ಅಂದ.

ಮಗಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಹುಟ್ಟುವ ಮೊದಲಿಂದಲೂ ಭಾನುವಾರ ಬೆಳಿಗ್ಗೆ ಅಂದರೆ ಅಮ್ಮನ ಸೀಟಿನ ಪಾಳಿ. ಈ ಭಾನುವಾರ, ಅಮ್ಮ ಕಾಗದ ಹಂಚುತ್ತಿದ್ದ ಅಂಚೆ ಕಚೇರಿಯವರು, ಅವಳ ಸೈಕಲ್ಲೂ ವ್ಯಾನಿನ ಹಿಂದೆ ಬರಲಿ ಎಂದು ಬೇರೆ ಕೇಳಿದ್ದರು.

"ಅದ್ರ ಮೇಲೆ ಯಾರೂ ಕೂರಲ್ಲಪ್ಪ. ತಳ್ಕೊಂಡು ಬರ್ತಾರೆ ಅಷ್ಟೇ."

"ಹಾಗಂತ ಸಡಿಲ ಬಿಟ್ಟು ಕಳಿಸೋಕಾಗತ್ತಾ?"

ನಟ್ಟು ಕೊನೆಗೂ ಹಿಡಿಯಿತು. ಅವನು ಅಂಗೈಯಿಂದ ಸೀಟನ್ನು ಸವರಿದ. ಬಲಗಡೆ ಹೆಬ್ಬೆರಳು ಇಳಿಯುವಷ್ಟು ತಗ್ಗು. ಮತ್ತೆ ಕುಸಿದಿದೆ. ಚೀಲದ ಭಾರ, ಇನ್ನೇನು ಅಂದುಕೊಂಡ. ಹೆಗಲಿಗೆ ಹಾಕುವ ಅಂಚೆ ಚೀಲದ ಭಾರ.

ಒಳಗಿಂದ ಅವನ ಅಕ್ಕನ ದನಿ ಬಂತು. "ಹೆಂಡ್ತಿ ಇಲ್ಲಿ ಮಲಗಿದಾಳೆ, ಇವನು ಅಲ್ಲಿ ನಟ್ಟು ಬೋಲ್ಟು ಹಿಡ್ಕೊಂಡು ಕೂತಿದಾನೆ. ಎಲ್ಲಾ ಸೇರಿ ಆ ಹೆಂಗಸನ್ನ ಕೊಂದ್ರಿ."

ಮಗಳು ತುಟಿ ಕಚ್ಚಿಕೊಂಡಳು. ಆ ಮಾತು ಯಾರಿಗೆ ಅಂತ ಅವಳಿಗೆ ಗೊತ್ತಿತ್ತು. ಐದು ವಾರದ ಹಿಂದೆ ಅಮ್ಮ ಸೇತುವೆಯ ಮೇಲೆ ಬಿದ್ದು ಆಸ್ಪತ್ರೆ ಸೇರಿದಾಗ, ಎಡಗಡೆ ಸೊಂಟದ ಮೂಳೆಯಲ್ಲಿ ಗಡ್ಡೆ ಅಂತ ಗೊತ್ತಾದಾಗ, ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ನೋವು ಯಾವಾಗಿನಿಂದ? ಈಚೆಗೆ ಅಂತ ಅಮ್ಮ ಹೇಳಿದ್ದಳು. ಡಾಕ್ಟರು ತಲೆಯಾಡಿಸಿದ್ದರು. ಇದು ಈಚಿನದಲ್ಲ, ಮನೇಲಿ ಯಾರೂ ಗಮನಿಸಲಿಲ್ಲವಾ? ಅಪ್ಪನೂ ಮಗಳೂ ಮುಖ ಮುಖ ನೋಡಿಕೊಂಡಿದ್ದರು. ಆವತ್ತಿಂದ ಆ ಪ್ರಶ್ನೆಯನ್ನು ಮಗಳು ತನ್ನ ತಲೆಗೇ ಕಟ್ಟಿಕೊಂಡಿದ್ದಳು.

*

ಮದುವೆಯಾದ ಎರಡನೆಯ ವರ್ಷ ಅವಳಿಗೆ ಉದ್ದದ ಬೀಟು ಬಂದಿತ್ತು. ಹೊಳೆಯಾಚೆ ಹೋಗಿ, ನೂಲಿನ ಗಿರಣಿ ದಾಟಿ, ಗುಡ್ಡದ ಮೇಲಿನ ಒಂಟಿ ಮನೆಗಳಿಗೆಲ್ಲ ಕಾಗದ ಹಂಚಿ ಬರಬೇಕು. ದಿನಕ್ಕೆ ನಲವತ್ತು ಕಿಲೋಮೀಟರು. ಕಚೇರಿಯ ಗಂಡಸರೆಲ್ಲ ಒಬ್ಬೊಬ್ಬರು ಒಂದೊಂದು ನೆಪ ಹೇಳಿ ನುಣುಚಿಕೊಂಡ ಬೀಟು ಅದು. ಇವಳು ಹದಿನೈದು ದಿನ ತಡೆದರೆ ಹೆಚ್ಚಾಯಿತು ಎಂದು ಅವರು ಬೆನ್ನ ಹಿಂದೆ ಮಾತಾಡಿಕೊಂಡರು. ಹದಿನೈದು ದಿನ ಕಳೆಯುವ ಹೊತ್ತಿಗೆ ಗುಡ್ಡದವರು ಅವಳನ್ನು ಟಪಾಲಮ್ಮ ಅಂತ ಕರೆಯುತ್ತಿದ್ದರು.

ಆದರೆ ಮನೆಯಲ್ಲಿ ಅವಳು ನಿಂತುಕೊಂಡೇ ಊಟ ಮಾಡುತ್ತಿದ್ದಳು.

"ಕೂತ್ಕೊಳ್ಳೇ."

"ನಿಂತೇ ತಿಂತೀನಿ."

"ಯಾಕೆ?"

"ಯಾಕೆ ಅಂತ ಆ ಸೀಟು ಮಾಡಿದ ಪುಣ್ಯಾತ್ಮನ್ನ ಕೇಳಿ. ಯಾವತ್ತಾದ್ರೂ ಅದ್ರ ಮೇಲೆ ಕೂತಿದ್ನೋ ಇಲ್ವೋ."

ಸೀಟಪ್ಪ ಮರುದಿನವೇ ದಪ್ಪ ತೊಗಲು ಆರಿಸಿ, ನೆನೆಹಾಕಿ, ಮರದ ಅಚ್ಚಿನ ಮೇಲೆ ಎಳೆದು ಮೊಳೆ ಹೊಡೆದ. ಬಿಸಿಲಿಗಿಡದೆ, ನೆರಳಲ್ಲೇ ಒಂಬತ್ತು ದಿನ ಒಣಗಿಸಿದ. ಅಂಚು ಕೊರೆದು, ಕಬ್ಬಿಣದ ಚೌಕಟ್ಟಿಗೆ ರಿವೆಟ್ಟು ಹಾಕಿದ. ಕೊನೆಯಲ್ಲಿ, ಕೂರುವ ಮೂಳೆ ಬರುವ ಜಾಗದಲ್ಲಿ, ಎಡಕ್ಕೆ ಮೂರು, ಬಲಕ್ಕೆ ಮೂರು ಚುಕ್ಕೆಗಳನ್ನು ಉಳಿಯಿಂದ ಒತ್ತಿದ.

ಅವಳು ಗೆಣ್ಣಿನಿಂದ ಬಡಿದು ನೋಡಿದಳು. "ಇದು ಸೀಟಾ, ಬಂಡೆನಾ?"

"ಆರು ತಿಂಗಳು ತಾಳ್ಕೋ. ಚರ್ಮಕ್ಕೂ ನಿನ್ನ ಗುರುತು ಹತ್ತಬೇಕಲ್ಲ. ಈ ಚುಕ್ಕೆಗಳು ಸವೆದು ಹೋದ್ವು ಅಂದ್ರೆ ಸೀಟು ಪಳಗ್ತು ಅಂತ ಅರ್ಥ."

"ನಾನು ಅದನ್ನ ಪಳಗಿಸ್ತೀನೋ, ಅದು ನನ್ನನ್ನ ಪಳಗಿಸತ್ತೋ, ನೋಡೇಬಿಡೋಣ."

ಆರು ತಿಂಗಳು ಬೇಕಾಗಲಿಲ್ಲ. ಐದರಲ್ಲೇ ಚುಕ್ಕೆಗಳು ಮಾಯವಾಗಿ, ಎರಡೂ ಕಡೆ ಬಟ್ಟಲಿನಂಥ ತಗ್ಗು ಮೂಡಿತು. ಅಲ್ಲಿಂದಾಚೆ ಟಪಾಲಮ್ಮ ಕೂತೇ ಊಟ ಮಾಡಿದಳು. ಭಾನುವಾರ ಭಾನುವಾರ ಅವನು ಸೀಟನ್ನು ಬಿಚ್ಚಿ ಅಡಿಯಿಂದ ಮೇಣ ಉಜ್ಜುತ್ತಿದ್ದ. ಮೇಲೆ ತೆಳ್ಳಗೆ ಒಂದು ಕೈ ಸಾಕು. ಕುಡಿಯುವುದು ಅಡಿಯ ಒರಟು ಮೈಯೇ. ಬೆರಳಿಂದ ತಟ್ಟಿ, ಸದ್ದಿನಲ್ಲಿ ಬಿಗಿಯಿಲ್ಲದಿದ್ದರೆ ಸೀಟಿನ ಮುಂದಿನ ಮೂತಿಯ ಕೆಳಗಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡುತ್ತಿದ್ದ. ಅದಕ್ಕಿಂತ ಹೆಚ್ಚು ಬಿಗಿದರೆ ರಿವೆಟ್ಟಿನ ಹತ್ತಿರ ತೊಗಲು ಹರಿಯುತ್ತದೆ. ಮೂತಿ ಒಂದು ಕೂದಲೆಳೆ ಮೇಲಕ್ಕಿರಬೇಕು. ಕೆಳಗಾದರೆ ದಾರಿಯುದ್ದಕ್ಕೂ ಮುಂದೆ ಜಾರುತ್ತ ಮೈಭಾರವೆಲ್ಲ ಮುಂಗೈಗೆ ಬೀಳುತ್ತದೆ. ರಿಪೇರಿ ಏನಾದರೂ ಮಾಡಿದರೆ ಅಡಿಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ಅದರ ಮೇಲೆ ಮೇಣ ಉಜ್ಜುತ್ತಿದ್ದ. ಅದು ಕೆಲಸ ಕಲಿಸಿದವರಿಂದ ಬಂದ ಅಭ್ಯಾಸ.

ಸೀಟು ನೋಡಿ ಸವಾರನ ಜಾತಕ ಹೇಳುತ್ತೇನೆ ಅನ್ನುವುದು ಅಂಗಡಿಯಲ್ಲಿ ಅವನ ಜಂಬ. ಸುಳ್ಳು ಜಂಬವಲ್ಲ. ಮುಖ ನೋಡದೆ, ಸೀಟು ನೋಡಿಯೇ, "ನಿಮ್ಮ ಎಡಗಾಲು ಒಂದು ಬೆರಳು ಗಿಡ್ಡ," ಅಂದುಬಿಡುತ್ತಿದ್ದ. ಬಂದವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಮಗಳು ಹೊಟ್ಟೆಯಲ್ಲಿದ್ದ ಸುದ್ದಿಯೂ ಅವನಿಗೆ ಸಿಕ್ಕಿದ್ದು ಸೀಟಿನಿಂದಲೇ.

"ಹಿಂದಕ್ಕೆ ಸರಿದು ಕೂರ್ತಿದೀಯಲ್ಲ, ಏನು ಸಮಾಚಾರ?"

ಅವಳು ಸೆರಗಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳು. "ಊರಿನ ಸುದ್ದಿ ಎಲ್ಲಾ ನಾನು ಹೊತ್ಕೊಂಡು ಹೋಗ್ತೀನಿ. ನನ್ನ ಸುದ್ದಿ ಈ ಹಾಳು ಸೀಟು ಹೊತ್ಕೊಂಡು ಬರತ್ತೆ."

*

ವ್ಯಾನು ನಡಿಗೆಯ ವೇಗದಲ್ಲಿ ಹೊರಟಿತು. ಅದರ ಹಿಂದೆ, ಪಕ್ಕದ ಬೀಟಿನ ಅಂಚೆಯವನು ಅವಳ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ. ಇಪ್ಪತ್ತು ವರ್ಷ ಅವಳ ಜೊತೆ ಒಂದೇ ಮೇಜಿನ ಮೇಲೆ ಕಾಗದ ವಿಂಗಡಿಸಿದವನು. ಅವನ ಬಾಯಲ್ಲಿ ಅವಳು ಅಕ್ಕ, ಹಾಗಾಗಿ ಸೀಟಪ್ಪ ಭಾವ. ಅವನ ಕಣ್ಣು ನೆಟ್ಟಗೆ ಮುಂದಿನ ಚಕ್ರದ ಮೇಲಿತ್ತು.

ಗಿರಣಿಯ ಗೇಟಿನಲ್ಲಿ ಕಾವಲುಗಾರ ಟೋಪಿ ತೆಗೆದು ನಿಂತ. ಗುಡ್ಡದಿಂದ ಇಳಿದು ಬಂದ ನಾಲ್ಕು ಮಂದಿ ರಸ್ತೆಯ ಬದಿಯಲ್ಲಿ ಕಾದಿದ್ದರು. ಅವರಲ್ಲೊಬ್ಬ ಮುದುಕಿ ವ್ಯಾನಿಗೆ ಕೈಮುಗಿದು, "ನನ್ನ ಕಾಗದ ಎಲ್ಲಾ ಓದಿ ಹೇಳ್ತಿದ್ಳಮ್ಮ. ಇನ್ನು ಯಾರು ಓದ್ತಾರೆ?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದಳು.

ಸೀಟಪ್ಪನ ಅಕ್ಕನಿಗೆ ಕಾಲು ನೋವಾದರೂ ಬಾಯಿಗೆ ಬಿಡುವಿರಲಿಲ್ಲ. "ನಾನೇನು ನಿನ್ನ ಬಯ್ತಿಲ್ಲ ಕಣೇ. ಆದ್ರೂ ಹೆತ್ತ ಮಗಳು ಅಂದ್ಮೇಲೆ ತಾಯಿ ಮುಖ ನೋಡಿದ್ರೆ ಗೊತ್ತಾಗ್ಬೇಕು. ಗಂಡಸರಿಗೆ ಇದೆಲ್ಲಾ ಎಲ್ಲಿ ತಿಳಿಯತ್ತೆ."

"ಜನವರೀಲಿ ಬಂದಿದ್ನಲ್ಲ ಅತ್ತೆ," ಮಗಳ ದನಿ ಒಡೆಯಿತು. "ಮೂರು ದಿನ ಇದ್ದೆ. ಅಮ್ಮ ಕುರ್ಚೀಲಿ ಒಂದೇ ಮಗ್ಗುಲಿಗೆ ಕೂರ್ತಿದ್ಳು. ನಾನು ನೋಡಿದೆ. ನೋಡಿ, ಏನಮ್ಮ ರಾಣಿ ಥರ ಕೂತಿದೀಯ ಅಂತ ನಕ್ಕೆ. ಅವಳೂ ನಕ್ಕಳು. ಆವತ್ತೇ ಶುರುವಾಗಿರ್ಬೇಕು. ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ..."

"ಹೋಗ್ಲಿ ಬಿಡು. ಈಗ ಅತ್ತು ಏನು ಬಂತು," ಅಂದಳು ಅತ್ತೆ, ಬಿಡುವ ಮನಸ್ಸಿಲ್ಲದೆ.

ಸೀಟಪ್ಪ ಎರಡು ಹೆಜ್ಜೆ ಮುಂದಿದ್ದ. ಎಲ್ಲವೂ ಕೇಳಿಸಿತು. ತಿರುಗಿ ಮಗಳಿಗೆ ಏನಾದರೂ ಹೇಳಬೇಕು ಅನ್ನಿಸಿತು, ಆದರೂ ಮುಂದೆ ನೋಡುತ್ತಲೇ ನಡೆದ. ಒಂದೇ ಮಗ್ಗುಲು ಅನ್ನುವ ಮಾತು ಮಾತ್ರ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತ ಉಳಿಯಿತು.

*

ಹೋದ ವರ್ಷ ಮಾರ್ಚಿನಲ್ಲಿ ಬಲಗಡೆಯ ತಗ್ಗು ಮೊದಲ ಸಲ ಅವನ ಕಣ್ಣಿಗೆ ಬಿದ್ದಿತ್ತು. ಹಳೆಯ ತೊಗಲು ಹರಿದು, ಅದರ ಹಿಂದಿನ ಜೂನಿನಲ್ಲಷ್ಟೇ ಹೊಸದು ಹಾಕಿ, ಎಂದಿನಂತೆ ಎರಡೂ ಕಡೆ ಚುಕ್ಕೆ ಒತ್ತಿದ್ದ. ಒಂಬತ್ತು ತಿಂಗಳಲ್ಲಿ ಒಂದೇ ಕಡೆ ಕುಸಿಯುವುದು ಅಂದರೇನು? ಅವನಿಗೆ ಅವಮಾನವಾಯಿತು. ತೊಗಲು ಆರಿಸುವಾಗ ಎಡವಿದೆನೇ ಎಂದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹೊಳೆಯಿತು.

"ಚೀಲ ಯಾವ ಕಡೆ ಹಾಕ್ತೀಯ?"

ಅವಳು ಅಡುಗೆಮನೆಯ ಬಾಗಿಲಲ್ಲಿ ಒರಗಿ ನಿಂತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಲಗಡೆ," ಅಂದಳು.

"ಅದಕ್ಕೇ ಮತ್ತೆ. ಭಾರ ಎಲ್ಲಾ ಅದೇ ಕಡೆ ಬಿದ್ದಿದೆ. ಎಡಕ್ಕೆ ಬದಲಾಯಿಸು."

"ಆಯ್ತು ರೀ."

ಅವನು ಗಟ್ಟಿ ತೊಗಲಿನ ತೇಪೆಯೊಂದನ್ನು ಕೊರೆದು, ಬಲಗಡೆಯ ತಗ್ಗಿನ ಅಡಿಗೆ ಅಂಟಿಸಿ ಎತ್ತರಿಸಿದ. ಪಕ್ಕದಲ್ಲಿ ತಾರೀಖು ಬರೆದ. ಸೀಟು ಮತ್ತೆ ಸಮವಾಯಿತು. ಮೇಲೆ ಮಟ್ಟಗೋಲು ಇಟ್ಟು, ಅದರೊಳಗಿನ ಗಾಳಿಗುಳ್ಳೆ ನಡುವೆ ನಿಂತದ್ದನ್ನು ಕರೆದು ತೋರಿಸಿದ. ಅವಳು ತುಂಬಾ ಚೆನ್ನಾಗಿದೆ ಅಂದಳು.

ಮರುದಿನ ಸಂಜೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ ಬೀದಿಯ ಕೊನೆಯಲ್ಲಿ ಅವಳು ಕಂಡಳು. ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತೇ?"

"ಪಂಕ್ಚರು."

ಅವನು ಟ್ಯೂಬು ಹೊರಗೆಳೆದು ಬೋಗುಣಿಯ ನೀರಲ್ಲಿ ಅದ್ದಿದ. ಒಂದು ಸುತ್ತು, ಎರಡು ಸುತ್ತು. ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವು ಸಡಿಲವಿದ್ದಿರಬೇಕು ಅಂದುಕೊಂಡು ಮತ್ತೆ ಗಾಳಿ ತುಂಬಿಸಿಟ್ಟ. ಕೇಳಲಿಲ್ಲ.

ಅಕ್ಟೋಬರಿನಲ್ಲಿ ಬಲಗಡೆ ಮತ್ತೆ ಕುಸಿಯಿತು. ತೇಪೆಯ ಮೇಲೆ ತೇಪೆ. ಈ ವರ್ಷದ ಮೇ ತಿಂಗಳಲ್ಲಿ ಮೂರನೆಯದು. ಪ್ರತಿಸಲವೂ ಅವನು ಚೀಲದ ಬಗ್ಗೆ ಗದರಿದ. ಪ್ರತಿಸಲವೂ ಅವಳು ಆಯ್ತು ಅಂದಳು. "ನಿನ್ನಂಥ ಹಟಮಾರಿನ ನಾನು ನೋಡಿಲ್ಲ ಕಣೇ, ಒಂದು ಹೆಗಲು ಬದಲಾಯಿಸೋಕೆ ಇಷ್ಟು ಕಷ್ಟನಾ?" ಎಂದು ನಕ್ಕೂ ಇದ್ದ.

*

ಮಣ್ಣಾಯಿತು. ಕೊನೆಯ ಹಿಡಿ ಹಾಕಬೇಕಾದವನು ಸೀಟಪ್ಪ. ಮಣ್ಣು ಹಿಡಿದು ಬಗ್ಗಿದವನು ಏನೋ ನೆನಪಾಗಿ ಪಕ್ಕದ ಬೀಟಿನವನತ್ತ ತಿರುಗಿದ.

"ಅವಳ ಚೀಲ ತರ್ಲಿಲ್ವೇನಪ್ಪ? ಅದೂ ಜೊತೇಲಿ ಹೋಗ್ಬೇಕಿತ್ತು."

"ಯಾವ ಚೀಲ ಭಾವ?"

"ಹೆಗಲಿಗೆ ಹಾಕ್ತಿದ್ಳಲ್ಲ, ಅದೇ. ಆಫೀಸಲ್ಲೇ ಇಡ್ತಿದ್ಳು."

"ಅದಾ?" ಅಂಚೆಯವನು ಗೊಂದಲದಿಂದ ನೋಡಿದ. "ಆ ಚೀಲ ಹೋಗಿ ಎರಡು ವರ್ಷದ ಮೇಲಾಯ್ತಲ್ಲ ಭಾವ. ಹೆಗಲಿಗೆ ಹಾಕ್ಬಾರ್ದು ಅಂತ ಮೇಲಿಂದ ಆರ್ಡರ್ ಬಂತು. ಈಗ ಪೆಟ್ಟಿಗೇನ ಮುಂದಿನ ಕ್ಯಾರಿಯರ್‌ಗೆ ಸಿಗಿಸ್ತೀವಿ, ಸಂಜೆ ಬಿಚ್ಚಿ ಅಲ್ಲೇ ಇಡ್ತೀವಿ. ಅಕ್ಕ ಹೇಳಿರ್ಲಿಲ್ವಾ?"

ಸೀಟಪ್ಪ ಸೈಕಲ್ಲಿನ ಸೀಟಿನತ್ತ ತಿರುಗಿದ.

ಅಂಚೆಯವನಿಗೆ ದುಃಖ ಉಕ್ಕಿತು. ತಡೆದಿಟ್ಟುಕೊಂಡದ್ದನ್ನು ಈಗ ಹೇಳಿಬಿಟ್ಟ. "ನಂದೂ ತಪ್ಪಿದೆ ಭಾವ. ಅಕ್ಕ ಮೊದಮೊದಲು ಏರಲ್ಲಿ ಇಳಿದು ತಳ್ತಿದ್ರು. ಆಮೇಲಾಮೇಲೆ ಬಯಲಲ್ಲೂ ತಳ್ತಿದ್ರು. ಕೇಳಿದ್ರೆ, ಯಾರಿಗೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡ್ರು. ಗೊತ್ತಾದ್ರೆ ಬೀಟು ಕಿತ್ಕೊಂಡು, ಒಳಗೆ ಕೂರಿಸಿ ಸೀಲು ಹೊಡೆಸ್ತಾರೆ, ಅದಕ್ಕಿಂತ ಸಾಯೋದು ವಾಸಿ ಅಂತಿದ್ರು. ನಿಮಗಾದ್ರೂ ಹೇಳಿರ್ತಾರೆ ಅಂದ್ಕೊಂಡೆ."

ಗುಂಡಿಯ ಆಚೆಗೆ ಮಗಳು ಬಿಕ್ಕುತ್ತಿದ್ದಳು. ಇತ್ತ ಸೀಟಪ್ಪನ ಮುಷ್ಟಿಯಲ್ಲಿ ಮಣ್ಣು ಹಾಗೇ ಇತ್ತು. ಯಾರೋ ತೋಳು ಮುಟ್ಟಿ ನೆನಪಿಸಿದ ಮೇಲೆ ಬೆರಳು ಬಿಡಿಸಿದ.

*

ಮನೆಯಲ್ಲಿ ಮೇಜು ಮತ್ತೆ ತನ್ನ ಜಾಗಕ್ಕೆ ಬಂದಿತ್ತು. ಚಹಾ ಕುಡಿದವರೆಲ್ಲ ಎದ್ದು ಹೋಗಿ, ಉಳಿದದ್ದು ಅತ್ತೆ, ಮಗಳು ಮತ್ತು ಬಾಗಿಲ ಹತ್ತಿರ ಕೂತ ಅಂಚೆಯವನು. ಅತ್ತೆ ಲೋಟಗಳನ್ನು ಒಟ್ಟು ಮಾಡುತ್ತ, "ಜನವರೀಲೇ ಒಂದು ಮಾತು ಕೇಳಿದ್ರೆ," ಎಂದು ಮತ್ತೆ ಅಲ್ಲಿಂದಲೇ ಶುರುಮಾಡಿದಳು. ಮಗಳು ತಲೆಯನ್ನು ಮೇಜಿಗೆ ಆನಿಸಿ, ಹೌದು ಅತ್ತೆ, ಹೌದು ಅತ್ತೆ ಅನ್ನುತ್ತಿದ್ದಳು.

ಅಂಗಡಿಯಲ್ಲಿ ಸ್ಪ್ಯಾನರಿನ ಸದ್ದಾಯಿತು. ಸೀಟಪ್ಪ ಹೆಂಡತಿಯ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಬಂದ. ಲೋಟಗಳ ನಡುವೆ ಅದನ್ನು ಬೋರಲಾಗಿಟ್ಟ.

"ಅಕ್ಕಾ, ಬಾಯಿ ಮುಚ್ಚು," ಅಂದ. ಅರವತ್ತೆಂಟು ವರ್ಷದಲ್ಲಿ ಅಕ್ಕನಿಗೆ ಅವನು ಆ ಮಾತು ಅಂದದ್ದು ಅದೇ ಮೊದಲು. ಆಮೇಲೆ ಮಗಳಿಗೆ, "ಓದು," ಅಂದ.

ಮಗಳು ತಲೆಯೆತ್ತಿದಳು. ಬಲಗಡೆ ಒಂದರ ಮೇಲೊಂದು ಮೂರು ತೇಪೆ. ಪಕ್ಕದಲ್ಲಿ ಮೇಣದಡಿ ಪೆನ್ಸಿಲಿನ ಬರಹ. ಬೆರಳಿಟ್ಟು ಓದಿದಳು. "ಮಾರ್ಚ್ ಹನ್ನೊಂದು... ಇದು ಹೋದ ವರ್ಷದ್ದು."

"ನೀನು ಬರೋಕೆ ಹತ್ತು ತಿಂಗಳು ಮುಂಚೆ. ಡಾಕ್ಟರು ಕೇಳಿದ್ರಲ್ಲ ಯಾವಾಗಿಂದ ಅಂತ. ಇಲ್ಲಿದೆ. ನಿನ್ನ ಜನವರಿ ಅಲ್ಲ."

"ನಿಮಗೆ ಗೊತ್ತಿತ್ತಾ ಅಪ್ಪಾ?"

"ಕಂಡಿತ್ತು. ಗೊತ್ತಾಗ್ಲಿಲ್ಲ. ಚೀಲದ ಭಾರ ಅಂದ್ಕೊಂಡೆ."

"ಅಮ್ಮನ್ನ ಒಂದು ಮಾತು ಕೇಳ್ಬಹುದಿತ್ತಲ್ಲ."

"ಕೇಳಿದೆ. ಚೀಲ ಯಾವ ಕಡೆ ಹಾಕ್ತೀಯ ಅಂತ ಕೇಳಿದೆ."

ಅಂಚೆಯವನು ಮುಖ ಆಚೆ ತಿರುಗಿಸಿಕೊಂಡ. ಸೀಟಪ್ಪ ಸೀಟಿನ ಕಡೆ ನೋಡುತ್ತಲೇ ಹೇಳಿದ.

"ಎಡಗಡೆ ನೋವು ಅಂತ ಅವಳು ಬಲಗಡೆಗೆ ಕೂರ್ತಿದ್ಳು. ನಾನು ಆ ಕಡೆನ ಎತ್ತರಿಸಿ, ನೋವಿರೋ ಕಡೆಗೇ ಅವಳನ್ನ ತಳ್ಳಿದೆ. ಒಂದು ಸಲ ಅಲ್ಲ, ಮೂರು ಸಲ. ನಲವತ್ತು ಕಿಲೋಮೀಟರು, ದಿನಾ."

ಮಗಳು ಎದ್ದು ನಿಂತಳು. ಬಂದು ಅಪ್ಪನ ಕೈ ಹಿಡಿಯುತ್ತಾಳೆ ಅಂತ ಅತ್ತೆಗೆ ಅನ್ನಿಸಿತು. ಹಿಡಿಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು.

ಸೀಟಪ್ಪ ಜೇಬಿನಿಂದ ತೊಗಲು ಕೊಯ್ಯುವ ಚಾಕು ತೆಗೆದ. ಎಲ್ಲಕ್ಕಿಂತ ಮೇಲಿದ್ದ ತೇಪೆಯ ಅಂಚಿಗೆ ಅಲಗು ತೂರಿಸಿ ಎಬ್ಬಿಸಿದ. ಒಣಗಿದ ಅಂಟು ಚರಚರ ಅಂದಿತು. ಎರಡನೆಯದು ಬಿಟ್ಟಿತು. ಕೊನೆಯದು ಗಟ್ಟಿಯಾಗಿತ್ತು, ಎಳೆದಾಗ ಬೆಳಗಿನ ಗಾಯ ಬಾಯಿಬಿಟ್ಟು ಅಂಗಿಯ ತೋಳಿಗೆ ರಕ್ತ ಹತ್ತಿತು. ಸೀಟನ್ನು ನೆಟ್ಟಗೆ ಮಾಡಿಟ್ಟ. ಬಲಗಡೆಯ ತೊಗಲು ತನ್ನಷ್ಟಕ್ಕೆ ತಾನು ಮೆಲ್ಲಗೆ ಕೆಳಗಿಳಿಯಿತು.

ಆಗ ಅವನ ಕೈ ಎಡಗಡೆಗೆ ಹೋಯಿತು. ಇಷ್ಟು ದಿನ ಕೆಟ್ಟ ಕಡೆಯನ್ನಷ್ಟೇ ನೋಡಿದ್ದ; ಈ ಕಡೆ ಮೇಣ ಸವರಿ ಬಿಡುತ್ತಿದ್ದ. ಎಡಗಡೆ ಎಲ್ಲೂ ತಗ್ಗಿರಲಿಲ್ಲ. ಹಲಗೆಯಷ್ಟು ಬಿರುಸು. ಹೆಬ್ಬೆರಳ ಉಗುರಿನಿಂದ ಹಳೆಯ ಮೇಣವನ್ನು ಕೆರೆದ. ಮತ್ತೂ ಕೆರೆದ. ಮಗಳು ಕಿಟಕಿ ಬಿಟ್ಟು ಬಂದು ಅವನ ಹಿಂದೆ ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

"ಹೊಸ ಚರ್ಮ ಹಾಕಿದ್ದು ಯಾವಾಗಪ್ಪಾ?"

"ಆ ಮಾರ್ಚಿಗೂ ಹಿಂದಿನ ಜೂನು," ಅಂದ.

ಅವನ ಉಗುರಿನ ಕೆಳಗೆ, ಉಳಿಯಿಂದ ಒತ್ತಿದ ಮೂರು ಚುಕ್ಕೆಗಳು ಒಂದೊಂದಾಗಿ ಮೇಲೆದ್ದು ಬಂದವು. ಒಂದರ ಅಂಚೂ ಸವೆದಿರಲಿಲ್ಲ.